ಉದಗೀರಕ್ಕೆ ಕೇಳಿಸದ ಮಾತು

ನಮ್ಮ ಮನೆ, ಔರಾದ ತಾಲೂಕು
18 ನವೆಂಬರ್ 2024

ಪ್ರೀತಿಯ ನಾಗಸೇನಣ್ಣಾ, ಜೈಭೀಮ್.

ಆರಾಮ ಇದ್ದೀಯಾ? ಕೆಮ್ಮು ಇಳಿಯಿತೇ? ಉದಗೀರದ ಆ ಬಾಡಿಗೆ ಕೋಣೆಯಲ್ಲಿ ಊಟಕ್ಕೆ ಏನು ಮಾಡುತ್ತೀ ಎಂದು ಅವ್ವ ದಿನವೂ ಕೇಳುತ್ತಾಳೆ. ನಾನು ದಿನಕ್ಕೊಂದು ಪಲ್ಯದ ಹೆಸರು ಹೇಳುತ್ತೇನೆ. ಫೋನಿನಲ್ಲಿ ನಿನ್ನೆದುರು ನನಗೆ ಮಾತೇ ಏಳುವುದಿಲ್ಲ, ಅದಕ್ಕೇ ಈ ಕಾಗದ.

ಇವತ್ತು ಬೆಳಿಗ್ಗೆ ಅಂಗಳ ಗುಡಿಸುವಾಗ ಪಕ್ಕದ ಮನೆಯ ಕೇಶರಬಾಯಿ ಕಾಕು ಜೋಳದ ಚೀಲ ಹೊತ್ತು ಬಸ್ ನಿಲ್ಲುವ ಕಡೆ ಹೋಗುತ್ತಿದ್ದರು. ಗಿರಣಿ ಇರುವುದು ಎದುರು ದಿಕ್ಕಿಗೆ. ಚೀಲವನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರು, ಕದ್ದ ಮಾಲು ಒಯ್ಯುವವರ ಹಾಗೆ. ನಮ್ಮ ಸ್ಮಶಾನದ ದಾರಿಗೆ ತಂತಿ ಬೇಲಿ ಹಾಕಿದ್ದನ್ನು ನೋಡಿದ್ದೇನೆಂದು ಹೇಳಿಕೆ ಕೊಡಲು ಅವರು ಒಪ್ಪಿದರಲ್ಲ, ಆವತ್ತಿನಿಂದ ಬೇಲಿ ಹಾಕಿದವರು ಊರ ಗಿರಣಿಯನ್ನು ಅವರಿಗೆ ಬಂದ್ ಮಾಡಿಸಿದ್ದಾರೆ. ಹಿಟ್ಟಿಗಾಗಿ ಔರಾದಕ್ಕೇ ಹೋಗಬೇಕು. ಇದನ್ನು ನಿನಗೆ ಯಾರೂ ಹೇಳಿಲ್ಲ. ಆ ದಾರಿಗಾಗಿ ಹೋರಾಡಿದ್ದಕ್ಕೆ ನಿನ್ನನ್ನು ವರ್ಷದ ಮಟ್ಟಿಗೆ ಜಿಲ್ಲೆಯಿಂದ ಗಡಿಪಾರು ಮಾಡಿದ ಮೇಲೆ, ದೂರದಲ್ಲಿರುವ ನಿನಗೆ ನೋವಾಗಬಾರದೆಂದು ಎಲ್ಲರೂ ಒಳ್ಳೆಯ ಸುದ್ದಿ ಮಾತ್ರ ಕಳಿಸುತ್ತಾರೆ.

ಹಾಗಾಗಿ ಕಾಕು ಈಗ ಹೇಳಿಕೆ ಕೊಡುವುದಿಲ್ಲವೆಂದು ಹಿಂದೆ ಸರಿದರೆಂದಷ್ಟೇ ತಿಳಿದು ನೀನು ಸಿಟ್ಟಾದೆ. ನೀನು ಧ್ವನಿ ಮುದ್ರಿಸಿ ಕಳಿಸಿದ್ದನ್ನು ನಿನ್ನೆ ಬುದ್ಧ ವಿಹಾರದಲ್ಲಿ ಎಂದಿನಂತೆ ನಾನೇ ಎಲ್ಲರಿಗೂ ಕೇಳಿಸಿದೆ. "ಅಂಜೋರು ನಮ್ಮ ಸಂಗಾಟ ಬರಬ್ಯಾಡ್ರಿ" ಎಂದು ನೀನು ಹೇಳುವಾಗ ಕಾಕು ಮುಂದೆಯೇ ಕೂತಿದ್ದರು. ಎದ್ದು ಬಂದು, ನನ್ನ ಕೈಯಲ್ಲಿದ್ದ ಫೋನಿಗೇ ಬಾಯಿ ಹತ್ತಿರ ತಂದು, "ತಮ್ಮಾ, ನೀ ಅಲ್ಲಿ ಹಿಟ್ಟ ಎಲ್ಲಿ ಬೀಸಸ್ತಿ?" ಎಂದರು. ಮಚ್ಛೇಂದ್ರ ಕಾಕಾ ನಕ್ಕು, "ಏ ಬಾಯಿ, ಅದಕ ನಿನ್ ಮಾತ ಕೇಳಸಂಗಿಲ್ಲ" ಎಂದರು. "ಗೊತ್ತದ ಬಿಡೋ. ಕೇಳಸಂಗಿಲ್ಲಂತೇ ಅದಕ ಬೈಯಾದು ಸಸ್ತಾ ಆಗ್ಯದ." ಎಲ್ಲರೂ ನಕ್ಕರು. ಕಾಕು ನಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು.

ಅಣ್ಣಾ, ನೀನು ಅಲ್ಲಿ ಸುಖವಾಗಿದ್ದೀ ಎಂದು ನಾನು ಹೇಳುತ್ತಿಲ್ಲ. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನಮ್ಮ ಕಡೆಯ ಬಸ್ಸುಗಳ ಬೋರ್ಡು ಓದುತ್ತಾ ನಿಲ್ಲುತ್ತೀ ಎಂದು ಗೊತ್ತು. ಸಾಕ್ಷಿ ಇಲ್ಲದಿದ್ದರೆ ದೂರು ಬಿದ್ದುಹೋಗುತ್ತದೆ, ಮುಂದಿನ ಹೆಣಕ್ಕೆ ದಾರಿ ಇರುವುದಿಲ್ಲ ಎಂಬ ನಿನ್ನ ಚಿಂತೆಯೂ ಸುಳ್ಳಲ್ಲ. ಆದರೆ ಧ್ವನಿ ಕಳಿಸುವವನಿಗೆ ಕೇಳುವವರ ಮುಖ ಕಾಣುವುದಿಲ್ಲ. ನನಗೆ ಕಾಣುತ್ತದೆ.

ಅವ್ವ ಆಶೀರ್ವಾದ ಹೇಳಿದ್ದಾಳೆ. ಬಿಸಿನೀರು ಕುಡಿ, ಹೊರಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೋ.

ನಿನ್ನ ತಂಗಿ,
ವಿಶಾಖಾ

ತಾ.ಕ.: ಅವ್ವ ಕರೆಯುತ್ತಿದ್ದಾಳೆ, ಅವಸರ. ಕಾಕುವಿಗೆ ಇನ್ನು ಏನನ್ನೂ ಹೇಳಿ ಕಳಿಸಬೇಡ. ಕಳಿಸಿದರೂ ನಾನು ಅವರಿಗೆ ಕೇಳಿಸುವುದಿಲ್ಲ. ಬೇಲಿ ಹಾಕುವಾಗ ಕಾಕುವಿನ ಹಿಂದೆ ನಾನೂ ನಿಂತು ನೋಡಿದ್ದೆ, ಯಾರೂ ನನ್ನನ್ನು ಕೇಳಿರಲಿಲ್ಲ. ಬುಧವಾರ ಬೀದರಕ್ಕೆ ಹೋಗಿ ಹೇಳಿಕೆ ಕೊಡುತ್ತೇನೆ. ಪುಸ್ತಕ ತರಲು ಭಾಲ್ಕಿಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿದ್ದೇನೆ.