ನಿನ್ನ ಕೋಣೆಯ ಗುಮಾಸ್ತ

ನವೆಂಬರ್ ೧೬, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ, ನಮ್ಮ ಫೋಟೋ ಕಟ್ಟಿನ ಅಂಗಡಿಯೂ ನಡೆಯುತ್ತಿದೆ. ನಿನ್ನ ಮೊಣಕಾಲು ನೋವು ಕಡಿಮೆಯಾಗಿರಬಹುದು ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರಿಸಲು ಇಷ್ಟು ತಡಮಾಡಿದ್ದಕ್ಕೆ ಬೈಯಬೇಡ. ಬೈಯಲೇಬೇಕು ಅನಿಸಿದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ.

ನೀನು ಕೇಳಿದ್ದು ಸಣ್ಣ ಪ್ರಶ್ನೆ. ನಿನ್ನ ಯಜಮಾನರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಇದೆ, ಮುಂದಿನ ತಿಂಗಳು ಇಬ್ಬರೂ ಬಂದು ಒಂದು ವಾರ ನಿನ್ನ ಹಳೆಯ ಕೋಣೆಯಲ್ಲಿ ಇರಬಹುದೇ, ಎಂದು. ಬನ್ನಿ ಎಂದೋ ಬೇಡ ಎಂದೋ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನಿನ್ನ ಕಾಗದ ಬಂದ ಹೊತ್ತಿಗೆ ನಿನ್ನ ಕೋಣೆಯಲ್ಲಿ ಬೇರೊಬ್ಬರು ಸೇರಿಕೊಂಡಿದ್ದರು. ಗಾಬರಿಯಾಗಬೇಡ, ಒಂದು ಹೊಸ ಬೆಕ್ಕು. ಅದನ್ನು ನೆಪವಾಗಿಟ್ಟುಕೊಂಡು ನಾನು ಉತ್ತರವನ್ನು ಮುಂದೂಡುತ್ತಾ ಬಂದೆ. ನೆಪ ಸುಳ್ಳಾಗಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ನೀನು ಮದುವೆಯಾಗಿ ಹೋದ ಮೇಲೆ ನಮ್ಮ ಹಳೆಯ ಬೆಕ್ಕು ದೊರೆಸಾನಿ ಊಟ ಬಿಟ್ಟಳು. ಇದನ್ನು ನಿನಗೆ ತಿಳಿಸಿರಲಿಲ್ಲ. ಹೊಸ ಸಂಸಾರದಲ್ಲಿರುವವಳಿಗೆ ಬೆಕ್ಕಿನ ಊಟದ ಸುದ್ದಿ ಯಾಕೆ ಎನಿಸಿತು. ನಿನ್ನ ಕೋಣೆಯ ಬಾಗಿಲ ಮುಂದೆ, ಮುಖವನ್ನು ಬಾಗಿಲಿಗೆ ಕೊಟ್ಟು ಕೂರುತ್ತಿದ್ದಳು. ಬಾಗಿಲು ತೆರೆದಿಟ್ಟರೂ ಒಳಗೆ ಹೋಗುತ್ತಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ನೀನು ಇದ್ದಿರಬಹುದು, ತೆರೆದದ್ದರ ಹಿಂದೆ ಇಲ್ಲ. ಆ ಲೆಕ್ಕ ನನಗೂ ಅರ್ಥವಾಗುತ್ತಿತ್ತು. ಹಾಗಾಗಿ ಮುಚ್ಚಿಯೇ ಇಟ್ಟೆ.

ಕೊನೆಗೆ ಬೆಕ್ಕಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಹಲ್ಲು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ನನ್ನನ್ನೂ ಒಮ್ಮೆ ನೋಡಿದರು.

"ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದರು.

"ಹೋಗಿಲ್ಲ. ಮದುವೆ ಆದ್ರು," ಎಂದೆ.

"ಓ," ಎಂದ ಅವರು ಬಂದ ನಗುವನ್ನು ತಡೆದುಕೊಂಡರು. "ಇನ್ನೊಂದು ಬೆಕ್ಕು ತಗೊಳ್ಳಿ. ಮರಿ ಬೇಡ, ಮರಿ ಇವಳ ತಲೆ ತಿಂದುಹಾಕುತ್ತೆ. ವಯಸ್ಸಾಗಿರೋದು, ಸುಮ್ಮನೆ ಕೂರೋದು ತಗೊಳ್ಳಿ."

ಬೀದಿ ಬೆಕ್ಕುಗಳನ್ನು ಸಾಕುವ ಆಶ್ರಯವೊಂದು ಕಾಲುವೆಯ ಆಚೆ ಇದೆ. ಅಲ್ಲಿಂದ ತಂದೆ. ಬೂದು ಬಣ್ಣದ ಗಂಡು, ದೊಡ್ಡ ತಲೆ, ಒಂದು ಕಿವಿಯ ತುದಿ ಇಲ್ಲ. ಮುಂಗಾಲುಗಳನ್ನು ಎದೆಯ ಕೆಳಗೆ ಮಡಚಿಕೊಂಡು, ಮುಂದೆ ಯಾರು ಬಂದರೂ ತಲೆಯೆತ್ತದೆ ಕೂರುವ ರೀತಿ ನೋಡಿ ಗುಮಾಸ್ತ ಎಂದು ಕರೆದೆ. ಈಗಾಗಲೇ ಎರಡು ಮನೆಯವರು ಅವನನ್ನು ತೆಗೆದುಕೊಂಡು ಹೋಗಿ ವಾಪಸು ತಂದುಬಿಟ್ಟಿದ್ದರಂತೆ. ಆಶ್ರಯದ ಹೆಂಗಸು, "ಹೊಂದಿಕೊಳ್ಳಲಿಲ್ಲ ಅಂದ್ರೆ ತಿಂಗಳೊಳಗೆ ತಂದುಬಿಡಿ, ಬೇಜಾರಿಲ್ಲ. ಇವನಿಗೆ ಅಭ್ಯಾಸ ಆಗಿದೆ," ಎಂದಳು. ಅವಳು ಅದನ್ನು ಸಮಾಧಾನಕ್ಕೆ ಹೇಳಿದಳು. ನನಗೆ ಮಾತ್ರ ಅವನನ್ನು ಮೂರನೆಯ ಸಲ ಆ ಬಾಗಿಲಿಗೆ ಒಯ್ಯಲಾರೆ ಎಂದು ಅಲ್ಲೇ ಗೊತ್ತಾಯಿತು.

ಹೊಸ ಬೆಕ್ಕಿಗೆ ಮೊದಲು ಪ್ರತ್ಯೇಕ ಕೋಣೆ ಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಇರುವುದು ಎರಡು ಕೋಣೆ. ಹಾಗಾಗಿ ನಿನ್ನದನ್ನು ಕೊಟ್ಟೆ. ಬಾಗಿಲು ಮುಚ್ಚಿ ಹೊರಗೆ ಬಂದಾಗ ಒಳಗೆ ಅವನು ಮಂಚದಿಂದ ಕೆಳಗೆ ಧುಮುಕಿದ ಸದ್ದು. ದೊರೆಸಾನಿ ಎದ್ದು ನಿಂತಳು. ಬಾಲ ನೇರವಾಯಿತು. ನೀನು ಸಂಜೆ ಎದ್ದು ಚಪ್ಪಲಿ ಹುಡುಕುವಾಗ ಅವಳು ನಿಲ್ಲುತ್ತಿದ್ದಳಲ್ಲ, ಹಾಗೆ. ಆಮೇಲೆ ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟಳು. ಬಾಲ ನಿಧಾನವಾಗಿ ಇಳಿಯಿತು. ಅವಳು ಗುರುಗುಟ್ಟಲಿಲ್ಲ, ಏನೂ ಮಾಡಲಿಲ್ಲ, ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ನಾನೂ ಆ ದಿನ ಹೆಚ್ಚು ಕೆಲಸ ಮಾಡಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಕೇಳಿದರೆ ನೀನು ನಗುತ್ತೀಯ. ಒಬ್ಬರನ್ನೊಬ್ಬರು ನೋಡಿದರೆ ಭಯ ಹೋಗುತ್ತದೆ ಎಂದುಕೊಂಡೆ. ಮೈ ಮುಟ್ಟದೆ ನೋಡುವುದು ಹೇಗೆ? ಫೋಟೋ ಕಟ್ಟುವುದರಲ್ಲಿ ಮರದ ಪಟ್ಟಿ ನಿನ್ನ ಕೈಯದು, ನಾನು ಗಾಜಿನವಳು, ನನಗೆ ಬೇರೇನು ಹೊಳೆಯುತ್ತದೆ. ಬಾಗಿಲು ತೆರೆದಿಟ್ಟು, ಮೇಲಿನ ಅರ್ಧಕ್ಕೆ ರಟ್ಟು ಹೊಡೆದು, ಕೆಳಗಿನ ಅರ್ಧಕ್ಕೆ ಅಳತೆ ತೆಗೆದು, ಅಗಲ ಪಟ್ಟಿಯಲ್ಲಿ ಕಟ್ಟು ಹಾಕಿ, ಒಳ್ಳೆಯ ದಪ್ಪ ಗಾಜು ಕೊಯ್ದು ಕೂರಿಸಿದೆ. ಮೂಲೆಗಳು ಕೂಡಲಿಲ್ಲ. ನೀನು ಹೋದ ಮೇಲೆ ಕೊಯ್ದ ಯಾವ ಪಟ್ಟಿಯ ಮೂಲೆಯೂ ಕೂಡಿಲ್ಲ, ಮೇಣ ತುಂಬಿ ಬಣ್ಣ ಬಳಿದು ಗಿರಾಕಿಗಳಿಗೆ ಕೊಡುತ್ತಿದ್ದೇನೆ. ಯಾರೂ ಏನೂ ಅಂದಿಲ್ಲ. ಎದುರಿನ ದರ್ಜಿ ಒಬ್ಬ ಮಾತ್ರ ನಮ್ಮ ಅಂಗಡಿಯ ಹಿಂಬಾಗಿಲಿನಿಂದ ಮನೆಯೊಳಗೆ ಇಣುಕಿ, "ಏನಕ್ಕಾ, ಫೋಟೋ ಸಾಲದೆ ಈಗ ಬಾಗಿಲಿಗೇ ಕಟ್ಟು ಹಾಕಿಬಿಟ್ರಾ?" ಎಂದ. ಗಾಜಿನ ಹಿಂದೆ ಗುಮಾಸ್ತ ಕೈ ಮಡಚಿ ಕೂತಿದ್ದ. "ಹಿರಿಯರ ಫೋಟೋ ಚೆನ್ನಾಗಿ ಬಂದಿದೆ," ಎಂದೂ ಸೇರಿಸಿದ.

ಆ ಗಾಜಿನ ಮುಂದೆ ದೊರೆಸಾನಿ ಬಂದದ್ದು ಮಧ್ಯಾಹ್ನ. ಅವಳು ಅವನನ್ನು ನೋಡಿದಳು, ಅವನೂ ನೋಡಿದ. ನಾನು ಸ್ಟೂಲಿನ ಮೇಲೆ ಕೂತು, ಎಷ್ಟು ಸುಲಭವಾಯಿತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ಗಾಜಿನ ಮೇಲೆ ಹಾರಿದಳು. ಹಾರಿ, ಬಡಿದು, ಬಿದ್ದು, ಮತ್ತೆ ಹಾರಿದಳು. ಆ ಕಡೆಯಿಂದ ಅವನೂ. ನಮ್ಮ ಮನೆಯಲ್ಲಿ ಅಂಥ ಕೂಗು ನಾನು ಕೇಳಿರಲಿಲ್ಲ. ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ. ಅವಳನ್ನು ಹಿಡಿಯಲು ಹೋಗಿ ನನ್ನ ಮುಂಗೈ ಗೀರಿಹೋಯಿತು. ಮಾರನೆಯ ದಿನ ಅವಳು ರಟ್ಟಿನ ಕಟ್ಟುಗಳ ಮೇಲೆ ಉಚ್ಚೆ ಹೊಯ್ದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವಳಲ್ಲ.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ಹಣೆ ಹಿಡಿದುಕೊಂಡರು.

"ಗಾಜಾ? ಗಾಜು ಯಾರು ಹಾಕೋಕೆ ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ. ನಮ್ಮ ಕೆಲಸ ಅದು."

"ಅಲ್ಲಮ್ಮ, ಬೆಕ್ಕಿಗೆ ಮೂಗು ಮೊದಲು, ಕಣ್ಣು ಕೊನೆಗೆ. ವಾಸನೆ ಇಲ್ಲದೆ ಬರೀ ಆಕಾರ ಎದುರಿಗೆ ಬಂದು ನಿಂತ್ರೆ ಅದು ಏನಂತ ತಿಳ್ಕೋಬೇಕು? ದೆವ್ವ ಅಂತಲಾ? ತೆಗೀರಿ ಅದನ್ನ. ಬಾಗಿಲು ಮುಚ್ಚಿ. ಮೊದಲಿಂದ ಶುರು ಮಾಡಿ."

ಮೊದಲಿನಿಂದ ಎಂದರೆ ಹೀಗೆ. ಒಂದು ಹಳೆಯ ಬಟ್ಟೆಯಿಂದ ಇವಳ ಕೆನ್ನೆ ಒರೆಸಿ ಅವನ ಹಾಸಿಗೆಯಲ್ಲಿಡಬೇಕು, ಇನ್ನೊಂದರಿಂದ ಅವನ ಕೆನ್ನೆ ಒರೆಸಿ ಇವಳ ಬಳಿ. ಮುಚ್ಚಿದ ಬಾಗಿಲಿನ ಎರಡು ಕಡೆ ಊಟದ ತಟ್ಟೆ. ಮೊದಲು ದೂರ, ದಿನ ಕಳೆದಂತೆ ಹತ್ತಿರ. ಆಮೇಲೆ ಕೋಣೆಗಳ ಅದಲು ಬದಲು, ಒಬ್ಬರು ಇಲ್ಲದಾಗ ಇನ್ನೊಬ್ಬರು ಹೋಗಿ ಮೂಸಿ ಬರಬೇಕು. ಎದುರುಬದುರು ಮಾಡುವುದು ಇದೆಲ್ಲ ಆದ ಮೇಲೆ. ನಾನು ಎಷ್ಟು ಕಾಲ ಬೇಕು ಎಂದು ಕೇಳಿದೆ. "ಅವರನ್ನೇ ಕೇಳಿ," ಎಂದರು. ಇಬ್ಬರಿಗೂ ಪರಸ್ಪರ ಇಷ್ಟವಾಗದಿದ್ದರೆ ಎಂದೂ ಕೇಳಿದೆ. "ಇಷ್ಟ ಆಗ್ಲೇಬೇಕು ಅಂತ ಏನಿಲ್ಲ. ಇದೇ ಮನೇಲಿ ಇನ್ನೊಬ್ಬ ಇದಾನೆ, ಅವನಿಂದ ನನ್ನ ಜಾಗ ಹೋಗಲ್ಲ ಅಂತ ಗೊತ್ತಾದ್ರೆ ಸಾಕು."

ನಿನ್ನ ಕಾಗದ ಬಂದದ್ದು ಆ ವಾರ. ನಿನ್ನ ಯಜಮಾನರ ಕಣ್ಣಿಗೆ ಪೊರೆ ಬಂದಿರುವುದನ್ನು ಓದಿ, ಅವರು ಮೊದಲು ಬಂದ ದಿನ ನೆನಪಾಯಿತು. ರೈಲ್ವೆ ಸಿಗ್ನಲ್ಲಿನ ಕೆಲಸದಿಂದ ನಿವೃತ್ತರಾದವರು, ತೀರಿಕೊಂಡ ಹೆಂಡತಿಯ ಫೋಟೋವನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಿದ್ದರು. ಯಾವ ಪಟ್ಟಿ ಬೇಕು ಎಂದು ನೀನು ಒಂದೊಂದೇ ತೋರಿಸುತ್ತಿದ್ದೆ. ಅವರು ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, "ಇದು ಹಸಿರೋ, ಕಪ್ಪೋ?" ಎಂದು ಕೇಳುತ್ತಿದ್ದರು. ಸಿಗ್ನಲ್ಲಿನವರಿಗೇ ಬಣ್ಣ ಗೊತ್ತಾಗದಿದ್ದರೆ ರೈಲಿನ ಗತಿ ಏನು ಎಂದು ನೀನು ಅಂದೆ, ಅವರು ನಕ್ಕರು. ಆ ಫೋಟೋಕ್ಕೆ ಗಾಜು ಕೊಯ್ದವಳು ನಾನು. ತಲೆಯೆತ್ತಲಿಲ್ಲ. ಅಂಚು ಸೀಳಿಹೋಗುತ್ತದೆ ಎಂದು ಗಾಜು ಕೊಯ್ಯುವಾಗ ನಾನು ಯಾರನ್ನೂ ನೋಡುವುದಿಲ್ಲ. ಅವರನ್ನು ಸರಿಯಾಗಿ ನೋಡಿದ್ದು ನೋಂದಣಿ ಕಚೇರಿಯಲ್ಲಿ, ನೀನು ಸಹಿ ಹಾಕುವಾಗ. ಆಮೇಲೆ ನೀನು ಕಳಿಸಿದ ಮದುವೆಯ ಫೋಟೋದಲ್ಲಿ. ಅದಕ್ಕೂ ಗಾಜು ಕೊಯ್ದಿಟ್ಟಿದ್ದೇನೆ. ಪಟ್ಟಿ ಬಾಕಿ ಇದೆ.

ದಿನಗಳು ಹೋದವು. ಗುಮಾಸ್ತನ ಬಟ್ಟೆಯನ್ನು ದೊರೆಸಾನಿ ಮೊದಲು ಕಾಲಿನಿಂದ ದೂರ ತಳ್ಳಿದಳು. ಆಮೇಲೆ ತಳ್ಳದೆ ಅದರ ಸುತ್ತ ನಡೆದಳು. ಒಂದು ಬೆಳಿಗ್ಗೆ ನೋಡಿದರೆ ಅದರ ಅಂಚಿನ ಮೇಲೆ ಒಂದು ಕಾಲಿಟ್ಟುಕೊಂಡು ಮಲಗಿದ್ದಳು. ಪ್ರೀತಿಯಿಂದಲ್ಲ, ನೆಲ ತಣ್ಣಗಿತ್ತು. ಊಟ ಮಾಡತೊಡಗಿದಳು. ಬಾಗಿಲಿನ ಆ ಕಡೆ ಅವನು ಅಗಿಯುವ ಸದ್ದು ಕೇಳಿದರೆ ನಿಲ್ಲಿಸುತ್ತಿದ್ದಳು, ಅವನು ನಿಲ್ಲಿಸಿದರೆ ಮುಂದುವರಿಸುತ್ತಿದ್ದಳು. ನಾನು ಈ ಕಡೆ ನೆಲದ ಮೇಲೆ ಕೂತು ನನ್ನ ತಟ್ಟೆಯನ್ನೂ ಅಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದೆ. ಮೇಜಿನ ಹತ್ತಿರ ಎರಡು ಕುರ್ಚಿ ಇದ್ದು ಒಬ್ಬಳೇ ಕೂರುವುದಕ್ಕಿಂತ ಅದು ವಾಸಿಯಾಗಿತ್ತು.

ಕೋಣೆ ಬದಲಿಸಿದಾಗ ಗುಮಾಸ್ತ ಮನೆಯೆಲ್ಲ ಮೂಸಿ ಬಂದ, ದೊರೆಸಾನಿ ಮಾತ್ರ ನಿನ್ನ ಹೊಸ್ತಿಲು ದಾಟಲಿಲ್ಲ. ಗಾಜಿದ್ದ ಕಟ್ಟಿಗೆ ತಂತಿ ಜಾಲರಿ ಹೊಡೆದೆ. ಈ ಸಲ ಅವರು ನೋಡುವ ಮೊದಲೇ ಒಬ್ಬರಿಗೊಬ್ಬರು ಹಳಬರಾಗಿದ್ದರು. ದೊರೆಸಾನಿ ಒಮ್ಮೆ ಬುಸ್ಸೆಂದಳು. ಗುಮಾಸ್ತ ತಲೆ ತಿರುಗಿಸಿ ಗೋಡೆ ನೋಡುತ್ತಾ ಕೂತ, ಕಚೇರಿಯಲ್ಲಿ ಮೇಲಿನವರು ಬೈಯುವಾಗ ಕೂರುವಂತೆ. ಅವಳು ಇನ್ನೊಮ್ಮೆ ಬುಸ್ಸೆಂದಳು. ಅವನು ಗೋಡೆ ಬಿಡಲಿಲ್ಲ. ಅವಳಿಗೇ ಬೇಸರವಾಗಿ ಹೊರಟುಹೋದಳು.

ಆಶ್ರಯದವರು ಕೊಟ್ಟ ತಿಂಗಳು ಮುಗಿಯಲು ಬಂದಿತ್ತು. ಹೋದ ಮಂಗಳವಾರ ಜಾಲರಿ ತೆಗೆದೆ. ದರ್ಜಿಯನ್ನು ಕರೆದು ದಪ್ಪ ಕಂಬಳಿ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. "ಜಗಳ ಆದ್ರೆ ಯಾರ ಮೇಲೆ ಹಾಕ್ಲಿ?" ಎಂದ. "ನನ್ನ ಮೇಲೆ ಹಾಕು," ಎಂದೆ. ದೊರೆಸಾನಿ ಹೊಸ್ತಿಲ ಮೇಲೆ ತುಂಬ ಹೊತ್ತು ನಿಂತಳು. ಆಮೇಲೆ ಗುಮಾಸ್ತನ ಪಕ್ಕದಲ್ಲೇ ಹಾದು, ಅವನು ಅಲ್ಲಿಲ್ಲವೇನೋ ಎಂಬಂತೆ ನಿನ್ನ ಮಂಚದ ಬಳಿ ಹೋದಳು. ದಿಂಬು ಮೂಸಿದಳು. ಮಂಚದ ಕೆಳಗೆ ನೋಡಿದಳು, ಕಪಾಟಿನ ಹಿಂದೆ ನೋಡಿದಳು. ನಿನ್ನನ್ನು ಹುಡುಕಿದಳು ಎಂದು ನಾನು ಹೇಳಲಾರೆ. ಹುಡುಕಿ ಮುಗಿಸಿದಳು ಎಂದು ಮಾತ್ರ ಹೇಳಬಹುದು. ತಿರುಗಿ ಬಂದು ಅವನಿಂದ ಒಂದು ಮಾರು ದೂರದಲ್ಲಿ ಕೂತು ಕಾಲು ನೆಕ್ಕಿಕೊಂಡಳು. "ಇಷ್ಟೇನಾ?" ಎಂದ ದರ್ಜಿ ಕಂಬಳಿ ಕೊಟ್ಟು ಹೋದ. ಇಷ್ಟೇ. ಡಾಕ್ಟರಮ್ಮ ಇದಕ್ಕಿಂತ ಹೆಚ್ಚು ಬೇಡ ಎಂದಿದ್ದಾರೆ. ನಿನ್ನೆ ಆಶ್ರಯಕ್ಕೆ ಹೋಗಿ, ಅವನು ನಮ್ಮಲ್ಲೇ ಇರುತ್ತಾನೆ ಎಂದು ಹೇಳಿ ಬಂದೆ.

ಹಾಗಾಗಿ ನಿನ್ನ ಕೋಣೆ ಖಾಲಿಯಾಗಿದೆ. ನೆಲ ತೊಳೆದಿದ್ದೇನೆ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಇಬ್ಬರೂ ಬನ್ನಿ. ಒಂದೇ ಕೋರಿಕೆ. ಬರುವ ಮೊದಲು ಭಾವನ ಹಳೆಯ ಅಂಗಿಯೊಂದನ್ನು, ಒಗೆಯದೆ, ಅಂಚೆಯಲ್ಲಿ ಕಳಿಸು. ದೊರೆಸಾನಿಯ ಬಳಿ ಇಡುತ್ತೇನೆ. ಗುಮಾಸ್ತನಿಗೂ ಮೂಸಲು ಕೊಡುತ್ತೇನೆ. ಭಾವ ನಗಬಹುದು, ನಗಲಿ. ಅವರಿಗೆ ಕಾಫಿಯೋ ಚಹಾವೋ, ಎಷ್ಟು ಸಕ್ಕರೆ, ಯಾವ ಕಡೆ ತಲೆಯಿಟ್ಟು ಮಲಗುತ್ತಾರೆ, ಎಲ್ಲ ಬರೆ. ನನಗೇನೂ ಗೊತ್ತಿಲ್ಲ.

ಕಾಲು ಜೋಪಾನ. ಮೆಟ್ಟಿಲ ಹತ್ತಿರ ಹಿಡಿದುಕೊಳ್ಳಲು ಒಂದು ಕೋಲು ಜೋಡಿಸಿದ್ದೇನೆ. ದೊಡ್ಡವಳಾದ ನೀನು ನನಗೆ ಹರಸಬೇಕು. ಆದರೂ ಈ ಸಲ ನಾನೇ ಹೇಳುತ್ತೇನೆ, ಇಬ್ಬರೂ ಚೆನ್ನಾಗಿರಿ. ಭಾವನ ಕಣ್ಣಿಗೆ ಹಸಿರು ಹಸಿರಾಗಿಯೇ ಕಾಣಲಿ.

ನಿನ್ನ
ತಂಗಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಮದುವೆಯ ಹಿಂದಿನ ವರ್ಷ ನೀನು ಗುರುವಾರಗಳಂದು ಪಟ್ಟಿ ನೋಡಲು ಮರದ ಅಂಗಡಿಗೆ ಹೋಗುತ್ತಿದ್ದೆಯಲ್ಲ. ಅಂಥದೊಂದು ಗುರುವಾರ ಆ ಅಂಗಡಿಯವರೇ ಪಟ್ಟಿ ಹೊತ್ತುಕೊಂಡು ಇಲ್ಲಿಗೆ ಬಂದರು. "ನಿಮ್ಮಕ್ಕ ನಮ್ಮ ಕಡೆ ಬಂದು ಎಷ್ಟು ಕಾಲ ಆಯ್ತು, ಹುಷಾರಿಲ್ವಾ?" ಎಂದರು. ಇದನ್ನು ಅಕ್ಕನ ಮುಂದೆ ಎತ್ತಬೇಡಿ ಎಂದು ಕೇಳಿಕೊಂಡೆ. ನೀನು ಬಂದ ಮೇಲೆ ಚಹಾ ಕೊಟ್ಟು, ಮರ ಹೇಗಿತ್ತು ಎಂದೆ. "ಹಸಿ ಇದೆ ಕಣೆ, ತಿರುಚಿಕೊಳ್ಳುತ್ತೆ," ಎಂದೆ ನೀನು. ಆಮೇಲೆ ಪ್ರತಿ ಗುರುವಾರವೂ ಕೇಳಿದೆ. ಭಾವನನ್ನು ನೋಡಲು ಹೋಗಿದ್ದೆ ಎಂದು ನೀನೇ ಹೇಳಲಿ ಎಂದು ಕೇಳುತ್ತಿದ್ದೆ. ನೀನು ಪ್ರತಿ ಸಲವೂ ಮರದ ವಿಷಯವನ್ನೇ ಹೇಳಿದೆ.

ಅಕ್ಕ, ನಾನು ಇಷ್ಟು ದಿನ ಕಾಗದ ಬರೆಯದೆ ಕೂತದ್ದು ನೀನು ಹೋದದ್ದಕ್ಕಲ್ಲ. ಅಷ್ಟು ದಿನ ನಿನಗೆ ನನ್ನ ಭಯವಿತ್ತಲ್ಲ, ಅದಕ್ಕೆ. ಹೇಳಿದ್ದರೆ ನಾನು ಏನು ಮಾಡುತ್ತೇನೆ ಎಂದುಕೊಂಡಿದ್ದೆ? ಉತ್ತರವನ್ನು ಕಾಗದದಲ್ಲಿ ಬರೆಯಬೇಡ. ಭಾವನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ ಇರುತ್ತೇವೆ. ಆಗ ಹೇಳು.