ರೋಮನ್ನರ ಬಿಸಿಲಿನ ಬಯಲು

ಶ್ರೀವತ್ಸ,

ನೀನು ತೀರಿಕೊಂಡ ಮೇಲೂ ಶಂಕರಪುರದ ಮನೆಯಲ್ಲಿ ನಿನ್ನಮ್ಮನ ಜೊತೆಗೇ ಇದ್ದೇನೆ. ಮಲ್ಲೇಶ್ವರದಲ್ಲಿ ಬಾಡಿಗೆ ಮನೆ ನೋಡಿದ್ದೇನೆ, ಹೊರಡುತ್ತೇನೆ ಎಂದು ಇವತ್ತು ಹೇಳಬೇಕಿತ್ತು. ಅಷ್ಟರಲ್ಲಿ ಅತ್ತೆ, "ಕಾಲೇಜಲ್ಲಿ ಇವತ್ತೇನು ಪಾಠ ಮಾಡ್ದೆ?" ಎಂದರು.

ಹಳೆಯ ಗ್ರೀಕ್ ಕಾವ್ಯಗಳಲ್ಲಿ ಸತ್ತವರು ಕತ್ತಲಲ್ಲಿ ಬರೀ ನೆರಳಾಗಿ ಅಲೆಯುತ್ತಾರೆ ಎಂದೆ. ಅವರ ಮುಖ ಬಾಡಿತು. ನೋಡಲಾಗದೆ, ಆಮೇಲಿನ ರೋಮನ್ನರ ಕಾವ್ಯದಲ್ಲಿ ಒಳ್ಳೆಯವರಿಗೆ ಬಿಸಿಲು ತುಂಬಿದ ಬಯಲಿದೆ, ಎಷ್ಟೋ ಜನ ಮತ್ತೆ ಹುಟ್ಟಿ ಬರುತ್ತಾರೆ ಎಂದೂ ಹೇಳಿದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಹಾಗಾದ್ರೆ ಅವನು ಬಂದೇ ಬರ್ತಾನೆ ಕಣೆ. ಅಲ್ಲೀವರ್ಗೂ ನಾವಿಬ್ರೂ ಇಲ್ಲೇ ಇರೋಣ."

"ಆಯ್ತು ಅತ್ತೆ" ಎಂದೆ. ಹಾಗೆ ಬರುವವರು ಮೊದಲು ಮರೆವಿನ ನದಿಯ ನೀರು ಕುಡಿಯಬೇಕು, ಆಮೇಲೆ ನಮ್ಮ ಗುರುತೂ ಅವರಿಗಿರುವುದಿಲ್ಲ ಎಂಬುದನ್ನು ಹೇಳಲಿಲ್ಲ.