ದೇವರ ಹೆಸರು ಉಳಿಸುವವರು

ಕೆಮ್ಮಣ್ಣು
೧೨ ಫೆಬ್ರವರಿ ೧೯೭೯, ಸೋಮವಾರ

ಪ್ರೀತಿಯ ಆಲಿಸ್,

ಹೆರಿಗೆಯ ನಂತರ ಬಂದ ಜ್ವರ ಪೂರಾ ಬಿಟ್ಟಿತಾ? ಮಗುವಿಗೆ ಹಾಲು ಸಾಕಾಗುತ್ತದಾ? ಬೊಂಬಾಯಿಯ ನೀರನ್ನು ಕುದಿಸದೆ ಕುಡಿಯಬೇಡ ಮಗಾ. ನಾನೂ ನಿನ್ನ ತಂಗಿ ಇಮೆಲ್ಡಾನೂ ಚೆನ್ನಾಗಿದ್ದೇವೆ. ಪಪ್ಪನಿಗೆ ಕೆಮ್ಮು ಉಂಟು, ಮಾತು ಕಡಿಮೆ. ನೀನು ಹೋದ ಮೇಲೆ ಅವರು ನಿನ್ನ ಹೆಸರು ಎತ್ತಿದವರಲ್ಲ.

ನಿನ್ನೆ ಪೂಜೆ ಮುಗಿಸಿ ಬಂದು ಸೀರೆ ಕೂಡ ಬದಲಿಸಿರಲಿಲ್ಲ, ನೀನು ಮಗುವನ್ನು ಊರಿಗೆ ತರುವ ಸುದ್ದಿ ಕೇಳಿ ನಮ್ಮ ವಾರ್ಡಿನ ಮುಖ್ಯಸ್ಥ, ಗುರ್ಕಾರ ಕ್ಲಾರೆನ್ಸ್ ಬಂದರು. ಕೊಟ್ಟ ಕಾಫಿ ಮುಟ್ಟಲಿಲ್ಲ. "ಟೀಚರ್, ಮದುವೆಯಾಗದವಳು ಮಗು ಎತ್ತಿಕೊಂಡು ಇಗರ್ಜಿಗೆ ಬಂದರೆ ದೇವರ ಹೆಸರು ಹಾಳಾಗುತ್ತದೆ. ಮಗುವನ್ನು ಅಲ್ಲೇ ಅನಾಥಾಶ್ರಮಕ್ಕೆ ಕೊಡಲಿ" ಎಂದರು. ಪಪ್ಪ ತಲೆ ತಗ್ಗಿಸಿ ಕುಳಿತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೈಬಲ್ ತಂದು ಯೆಹೆಜ್ಕೇಲನ ಪುಸ್ತಕ ತೆರೆದೆ. ಹೊರದೇಶಕ್ಕೆ ಚದರಿಹೋದ ಜನ ಹೋದಲ್ಲೆಲ್ಲ ದೇವರ ಹೆಸರು ಕೆಡಿಸಿದ್ದರು. ಆಗ ದೇವರು ಏನು ಹೇಳಿದ? ನಿಮ್ಮನ್ನು ನೋಡಿ ಅಲ್ಲ, ನನ್ನ ಹೆಸರಿಗೋಸ್ಕರ ನಿಮ್ಮನ್ನು ಊರಿಗೆ ಕರೆತರುತ್ತೇನೆ ಎಂದ. ಕ್ಲಾರೆನ್ಸರಿಗೆ ಅದನ್ನೇ ಓದಿ ಹೇಳಿದೆ, "ಅವನು ತನ್ನ ಹೆಸರು ಉಳಿಸಿಕೊಂಡದ್ದು ಮಕ್ಕಳನ್ನು ಮನೆಗೆ ಕರೆದು. ನೀವು ಉಳಿಸುವುದು ಬಾಗಿಲು ಹಾಕಿಯಾ?"

"ವೇದ ಹೇಳುವುದು ಪಾದ್ರಿಗಳ ಕೆಲಸ" ಎಂದರು. ಹಾಗಾದರೆ ಅವರ ಹತ್ತಿರವೇ ಹೋಗುವ ಎಂದು ಕ್ಲಾರೆನ್ಸರನ್ನೂ ಪಪ್ಪನನ್ನೂ ಎಬ್ಬಿಸಿ ಕರೆದುಕೊಂಡು ಹೋದೆ. ಪಾದ್ರಿಗಳು ಆ ಪುಟವನ್ನು ಓದಿ ಬೈಬಲ್ ಮುಚ್ಚಿಟ್ಟರು. ಆಮೇಲೆ, ಜನ ಇಲ್ಲದ ಹೊತ್ತಿನಲ್ಲಿ ಸದ್ದಿಲ್ಲದೆ ದೀಕ್ಷಾಸ್ನಾನ ಕೊಡುವ ಎಂದರು. ನಾನು ಒಪ್ಪಲಿಲ್ಲ. ನೀನು ಬಂದ ಮೇಲೆ ಭಾನುವಾರ ದೊಡ್ಡ ಪೂಜೆಗೆ, ಎಲ್ಲರ ಎದುರು ಆಗಬೇಕು, ಮಗು ಕದ್ದ ಮಾಲಲ್ಲ ಎಂದೆ. ಕೊನೆಗೆ ಅವರು ನಕ್ಕು, "ಆಯಿತು ಟೀಚರ್, ಕರೆತನ್ನಿ" ಎಂದರು. ಕ್ಲಾರೆನ್ಸ್ ನಮಗಿಂತ ಮೊದಲೇ ಮೆಟ್ಟಿಲು ಇಳಿದು ಹೋದರು. ಹೋಗಲಿ.

ನೀನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ನೀನು ಯೋಗ್ಯಳಾ ಎಂದು ಆ ಪುಟದಲ್ಲಿ ದೇವರು ಕೇಳಿಯೇ ಇಲ್ಲ. ಊರಿನವರು ಮಾತಾಡುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ. ತಲೆ ಎತ್ತಿ ಬಾ.

ದೇವರ ಕೈ ನಿಮ್ಮಿಬ್ಬರ ಮೇಲೆ ಇರಲಿ. ಮಗುವಿನ ಹಣೆಗೆ ನನ್ನದೊಂದು ಮುತ್ತು.

ನಿನ್ನ ಅಮ್ಮ,
ತೆರೆಸಾ

ತಾ.ಕ.: ಲಕೋಟೆ ಅಂಟಿಸುವಾಗ ಪಪ್ಪ ಅಡುಗೆಮನೆಗೆ ಬಂದು, "ಆಲಿಸ್ ಒಬ್ಬಳೇ ಅಷ್ಟು ದೂರ ಮಗು ಎತ್ತಿಕೊಂಡು ಬರುವುದೆಂತ? ನಾನು ಹೋಗುತ್ತೇನೆ" ಎಂದರು. ಶನಿವಾರದ ಬೊಂಬಾಯಿ ಬಸ್ಸಿಗೆ ಹೊರಡುತ್ತಾರೆ. ಅವರು ತಲುಪುವವರೆಗೆ ಯಾರು ಎಷ್ಟು ಒಳ್ಳೆಯ ಮಾತು ಹೇಳಿದರೂ ಮಗುವನ್ನು ಕೈಬಿಡಬೇಡ.